ತೆಂಗಿನಕಾಯಿ ಬೇಗ, ಅಡಿಕೆ ನಿಧಾನ? ಹಾಗಲ್ಲ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಮೊಬೈಲ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಭಾರ ಜಾಸ್ತಿ ಇದ್ದರೆ ಬೀಳುವ ವೇಗವೂ ಜಾಸ್ತಿ. ಅದಕ್ಕೇ ಅಡಿಕೆಗಿಂತ ತೆಂಗಿನಕಾಯಿ ಬೇಗ ನೆಲ ಮುಟ್ಟುತ್ತದೆ." ಇದು ತಪ್ಪು. ಪರೀಕ್ಷೆಗೆ ಓದುವ ಮಕ್ಕಳು ಇದನ್ನೇ ಬರೆದುಬಿಟ್ಟರೆ ಎಂಬ ಚಿಂತೆಯಿಂದ ಬರೆಯುತ್ತಿದ್ದೇನೆ.

5 ಮೀಟರ್ ಎತ್ತರದಿಂದ ಎರಡನ್ನೂ ಒಟ್ಟಿಗೆ ಬಿಡಿ. ಎರಡೂ ಸುಮಾರು 1 ಸೆಕೆಂಡಿನಲ್ಲಿ, ಹೆಚ್ಚು ಕಡಿಮೆ ಜೊತೆಯಾಗಿಯೇ ಬೀಳುತ್ತವೆ. ಯಾಕೆ? ಕಾಯಿ 1,200 ಗ್ರಾಂ, ಸಿಪ್ಪೆ ಇರುವ ಅಡಿಕೆ 30 ಗ್ರಾಂ ಅಂತ ಇಟ್ಟುಕೊಳ್ಳಿ. ಭೂಮಿ ಕಾಯಿಯನ್ನು 40 ಪಟ್ಟು ಜಾಸ್ತಿ ಬಲದಿಂದ ಎಳೆಯುತ್ತದೆ, ನಿಜ. ಆದರೆ ಅದನ್ನು ಅಲುಗಿಸುವುದೂ 40 ಪಟ್ಟು ಕಷ್ಟ, ಅಲ್ವಾ? ಲೆಕ್ಕ ಸರಿಹೋಯಿತು. ಎರಡರ ವೇಗವೂ ಪ್ರತಿ ಸೆಕೆಂಡ್ ಕಳೆದಂತೆ, ಸೆಕೆಂಡಿಗೆ ಸುಮಾರು 9.8 ಮೀಟರ್‌ನಷ್ಟು ಏರುತ್ತದೆ.

"ಹಾಗಾದರೆ ಒಣಗಿದ ಎಲೆ ತೇಲಿಕೊಂಡು ಬರುವುದು ಯಾಕೆ?" ಒಳ್ಳೆಯ ಪ್ರಶ್ನೆ. ಅಲ್ಲಿ ಅಡ್ಡ ಬರುವುದು ಗಾಳಿ. ಎಲೆ ಅಗಲ, ತೂಕ ಕಮ್ಮಿ. ಅದೇ ಎಲೆಯನ್ನು ಗಟ್ಟಿಯಾಗಿ ಉಂಡೆ ಕಟ್ಟಿ ಬಿಡಿ, ಬೇಗ ಬೀಳುತ್ತದೆ. ತೂಕ ಬದಲಾಗಲೇ ಇಲ್ಲ, ನೋಡಿ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಹಕ್ಕಿಯ ಗರಿಯನ್ನು ಒಟ್ಟಿಗೆ ಬಿಟ್ಟರು. ಅಲ್ಲಿ ಗಾಳಿ ಇಲ್ಲ. ಎರಡೂ ಜೊತೆಗೇ ನೆಲ ಮುಟ್ಟಿದವು.

ಕಾಯಿ ತಲೆಗೆ ಬಿದ್ದರೆ ಪೆಟ್ಟು ಜೋರು ಅನ್ನುವುದು ಮಾತ್ರ ಸತ್ಯ. ಅದಕ್ಕೆ ಕಾರಣ ವೇಗವಲ್ಲ, ಅದರ ದ್ರವ್ಯರಾಶಿ. ಪ್ರಯೋಗ ಮಾಡುವುದಾದರೆ ಎರಡು ಕಲ್ಲು ಸಾಕು, ತೆಂಗಿನ ಮರದ ಕೆಳಗೆ ನಿಲ್ಲಬೇಡಿ.