ಮಂಡಿ ಊರಿ ಕೂಡಿಸಿದ ಜಾಝ್

ಇಲ್ಲಿನ ಹಳೇ ರೆಕಾರ್ಡ್ ಅಂಗಡಿಗಳಲ್ಲಿ ದುಬಾರಿ ಪ್ಲೇಟುಗಳು ಗೋಡೆಯ ಮೇಲಿರುತ್ತವೆ, ಪ್ಲಾಸ್ಟಿಕ್ ಕವರು ಹಾಕಿಕೊಂಡು. ಸಾಧಾರಣ ಬೆಲೆಯವು ಸೊಂಟದ ಎತ್ತರದ ಸ್ಟ್ಯಾಂಡುಗಳಲ್ಲಿ. ಒಂದು, ಎರಡು, ಮೂರು ಡಾಲರಿನವು ನೆಲದ ಮೇಲಿನ ಡಬ್ಬಗಳಲ್ಲಿ. ಹನ್ನೊಂದು ವರ್ಷದಿಂದ ನಾನು ನೆಲದ ಗಿರಾಕಿ. ನಾನೂರು ಚಿಲ್ಲರೆ ಜಾಝ್ ಪ್ಲೇಟು ಸೇರಿವೆ. ಮಂಡಿ ಎರಡೂ ಹೋಗಿವೆ.

ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ನಮ್ಮ ಜನಕ್ಕೆ ಈ ಊರು ಅಂದ್ರೆ ಓಕ್ ಟ್ರೀ ರೋಡು, ದೋಸೆ, ಕರಿಬೇವು. 1877ರಲ್ಲಿ ಥಾಮಸ್ ಎಡಿಸನ್ ಫೋನೋಗ್ರಾಫ್, ಅಂದ್ರೆ ಧ್ವನಿ ಹಿಡಿದು ಮತ್ತೆ ಕೇಳಿಸುವ ಯಂತ್ರ, ಮಾಡಿದ ಮೆನ್ಲೋ ಪಾರ್ಕ್ ಕೂಡ ಈಗ ಇದೇ ಊರಿಗೆ ಸೇರಿದೆ. ನಾನು ಬಂದದ್ದು ಬಾಡಿಗೆ ಕಮ್ಮಿ ಅಂತ. ಆದ್ರೂ ಸುಮ್ನೆ ಹೆಮ್ಮೆ.

ಇನ್ನೂ ಒಂದು ಹೆಮ್ಮೆ ಇದೆ. ಜಾಝ್ ಅಂದ್ರೆ ಎಲ್ಲರೂ ನ್ಯೂಯಾರ್ಕ್ ಅಂತಾರೆ. ಆದರೆ ಬ್ಲೂ ನೋಟ್ ಅನ್ನೋ ಜಾಝ್ ರೆಕಾರ್ಡ್ ಕಂಪನಿಯ ಎಷ್ಟೋ ಹೆಸರಾಂತ ಪ್ಲೇಟುಗಳು ಧ್ವನಿಮುದ್ರಣ ಆದದ್ದು ನಮ್ಮ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ಅನ್ನುವವರ ಅಪ್ಪ ಅಮ್ಮನ ಮನೆಯ ಹಾಲಿನಲ್ಲಿ. ಆತ ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುತ್ತಿದ್ದರು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಸಿದ ಮೇಲೇ ಆ ಕೆಲಸ ಬಿಟ್ಟದ್ದು.

ಆ ಕಾಲದ ಬ್ಲೂ ನೋಟ್ ಪ್ಲೇಟುಗಳ ಮೊದಲ ಮುದ್ರಣಕ್ಕೆ ಈಗ ನೂರಾರು ಡಾಲರು. ಕೆಲವಕ್ಕೆ ಸಾವಿರಾರು. ಮೊದಲ ಮುದ್ರಣ ಅಂತ ಗುರುತಿಸುವುದೇ ಒಂದು ವಿದ್ಯೆ. ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಕಿವಿಯ ಆಕಾರದ ಒಂದು ಗೀರು ಹುಡುಕಬೇಕು. ಅದು ಪ್ಲಾಸ್ಟಿಲೈಟ್ ಅನ್ನೋ ಕಾರ್ಖಾನೆಯ 'ಪಿ' ಗುರುತು. 1966ರಲ್ಲಿ ಬ್ಲೂ ನೋಟ್ ಬೇರೆಯವರ ಕೈಗೆ ಹೋದ ಮೇಲೆ ಆ ಕಿವಿಯೂ ಹೋಯಿತು. ಟಾರ್ಚು ಬಿಟ್ಟುಕೊಂಡು ಕಿವಿ ಹುಡುಕುವವರ ಪಕ್ಕ ನಿಂತು ಎಷ್ಟೋ ಸಲ ನೋಡಿದ್ದೇನೆ. ಕಿವಿ ಸಿಕ್ಕಿದರೆ ಮುಖ ಅರಳುತ್ತದೆ. ಮನೆಗೆ ಹೋಗಿ ಎಷ್ಟು ಸಲ ಹಾಕಿ ಕೇಳ್ತಾರೋ ನನಗೆ ಅನುಮಾನ.

ಹೊಟ್ಟೆಕಿಚ್ಚು ಅನ್ನಿ, ಪರವಾಗಿಲ್ಲ. ನಾನೂ ಒಂದು ಸಲ ಆ ಹುಚ್ಚಿಗೆ ಬಿದ್ದಿದ್ದೆ. ಆನ್‌ಲೈನ್‌ನಲ್ಲಿ ಒಬ್ಬರು 'ಹೊಸದರ ಹಾಗಿದೆ' ಅಂತ ಬರೆದಿದ್ದ ಪ್ಲೇಟಿಗೆ 140 ಡಾಲರ್ ಸುರಿದೆ. ಮೂರನೇ ಹಾಡಿನಲ್ಲಿ ಸೂಜಿ ಅಲ್ಲೇ ಕುಣಿಯತೊಡಗಿತು. ಕೇಳಿದರೆ ನಿಮ್ಮ ಸೂಜಿ ಬದಲಾಯಿಸಿ ಅಂದರು. ಬದಲಾಯಿಸಿದೆ. ಅದಕ್ಕೆ ಇನ್ನೊಂದು 60 ಡಾಲರ್. ಕುಣಿತ ಹಾಗೇ ಇತ್ತು.

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಕಥೆ ಇನ್ನೂ ಮಜಾ. 1959ರ ಮಾರ್ಚ್ 2ರಂದು ಮೊದಲ ಮೂರು ಹಾಡು ಮುದ್ರಿಸುವಾಗ ಟೇಪ್ ಯಂತ್ರ ತುಸು ನಿಧಾನ ಓಡಿತ್ತು. ಅದನ್ನು ಸರಿ ವೇಗದಲ್ಲಿ ಹಾಕಿದಾಗ ಹಾಡು ತುಸು ಜೋರಾಗಿ ಓಡಿತು, ಶ್ರುತಿ ಮೇಲೇರಿತು. ಪ್ಲೇಟಿನ ಇಡೀ ಮೊದಲ ಮಗ್ಗುಲು ಹಾಗೇ ಹೊರಬಂತು. ಇನ್ನೊಂದು ಯಂತ್ರದಲ್ಲಿ ತೆಗೆದಿದ್ದ ಟೇಪು ನೋಡಿ ಸರಿಪಡಿಸಿದ್ದು 1992ರಲ್ಲಿ. ಅಂದ್ರೆ ಗೋಡೆಯ ಮೇಲಿನ ದುಬಾರಿ ಮೊದಲ ಮುದ್ರಣದಲ್ಲೇ ಶ್ರುತಿ ತಪ್ಪಿದೆ! ನಾನು ನಾಲ್ಕು ಡಾಲರಿಗೆ ತಂದ ಎಪ್ಪತ್ತರ ದಶಕದ ಪ್ರತಿಯಲ್ಲೂ ತಪ್ಪಿದೆ, ಅದು ಬೇರೆ ಮಾತು. ನಾಲ್ಕು ಡಾಲರಿನ ತಪ್ಪಿಗೆ ನಿದ್ದೆ ಕೆಡುವುದಿಲ್ಲ.

ಮೆಚ್ಚಿನ ಕಾಲ ಯಾವುದು ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಥಟ್ ಅಂತ 1955ರಿಂದ 65 ಅನ್ನುತ್ತಿದ್ದೆ. ಎಲ್ಲರೂ ಹೇಳುವುದು ಅದನ್ನೇ. ಕೊಳ್ಳುವವರೂ ಅದನ್ನೇ ಕೊಳ್ಳುತ್ತಾರೆ. ಹಾಗಾಗಿ ಆ ಹತ್ತು ವರ್ಷ ನೆಲಕ್ಕೆ ಇಳಿಯುವುದೇ ಇಲ್ಲ. ನೆಲದ ಡಬ್ಬದಲ್ಲಿ ಸಿಗುವುದು ಅದಕ್ಕಿಂತ ಹಿಂದಿನದು, ಅದರ ಮುಂದಿನದು. ಮೂವತ್ತರ ದಶಕದ ಹಾಡುಗಳನ್ನು ಆಮೇಲೆ ಉದ್ದ ಓಡುವ ಎಲ್‌ಪಿಗೆ ಹಾಕಿದ ಸಂಕಲನಗಳು. ಎಪ್ಪತ್ತರ ದಶಕದ ಪಾಬ್ಲೋ ಕಂಪನಿಯ ಪ್ಲೇಟುಗಳು. ಸಿಕ್ಕಿದ್ದನ್ನು ತಂದೆ, ತಂದದ್ದನ್ನು ಕೇಳಿದೆ. ನನ್ನ ರುಚಿಯನ್ನು ತಿದ್ದಿದ್ದು ನನ್ನ ಜೇಬು.

ಪಿಯಾನೋ ವಾದಕ ಕೌಂಟ್ ಬೇಸಿ ನನಗೆ ಪೂರ್ತಿ ಸಿಕ್ಕಿದ್ದು ಹೀಗೇ. ಆತ ನಮ್ಮ ಪಕ್ಕದ ರೆಡ್ ಬ್ಯಾಂಕ್‌ನವರು. 1936ರಲ್ಲಿ ಷಿಕಾಗೋದಲ್ಲಿ ಒಂದು ಸಣ್ಣ ತಂಡ ಕಟ್ಟಿಕೊಂಡು ಕೆಲವು ಹಾಡು ಮುದ್ರಿಸಿದರು. ಸ್ಯಾಕ್ಸೋಫೋನ್ ಹಿಡಿದದ್ದು ಲೆಸ್ಟರ್ ಯಂಗ್. ಆಗಿನ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಒಂದು ಮಗ್ಗುಲಿಗೆ ಸಿಗುವುದೇ ಮೂರು ನಿಮಿಷ. ಅಷ್ಟರಲ್ಲಿ ಪಿಯಾನೋ, ಸ್ಯಾಕ್ಸ್, ಟ್ರಂಪೆಟ್ ಎಲ್ಲರ ಸರದಿಯೂ ಮುಗಿಯಬೇಕು. ಲೆಸ್ಟರ್ ಒಂದು ಸ್ವರವನ್ನೂ ಪೋಲು ಮಾಡಿಲ್ಲ. ಎಲ್‌ಪಿ ಬಂದು, ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಗತೊಡಗಿದ ಮೇಲೆ ಕೆಲವರು ಉದ್ದುದ್ದ ಎಳೆದದ್ದು ಕೇಳಿದಾಗ ಈ ಮೂರು ನಿಮಿಷ ನೆನಪಾಗುತ್ತದೆ.

ಇನ್ನೊಂದು ತುದಿ 1974. ಎಪ್ಪತ್ತರ ಹೊಸ್ತಿಲಲ್ಲಿದ್ದ ಬೇಸಿಯನ್ನು ಪಾಬ್ಲೋದ ನಾರ್ಮನ್ ಗ್ರ್ಯಾಂಜ್ ಬರೀ ಬೇಸ್, ಡ್ರಮ್ಸ್ ಜೊತೆ ಕೂರಿಸಿದರು. ಜೀವನವೆಲ್ಲ ದೊಡ್ಡ ವಾದ್ಯವೃಂದ ನಡೆಸಿದ ಮನುಷ್ಯ ಇಲ್ಲಿ ಎರಡು ಸ್ವರ ಬಾರಿಸಿ ಸುಮ್ಮನಾಗುತ್ತಾರೆ. ಮನೆಯ ಹಿರಿಯರು ಮಾತಿನ ನಡುವೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚಿಕೊಳ್ಳುವ ಹಾಗೆ. ಕಪ್ಪುಬಿಳುಪಿನ ಫೋಟೋ ಇರುವ ಸಪ್ಪೆ ಕವರು, ಎರಡು ಡಾಲರು. ಬ್ಲೂ ನೋಟ್ ಕವರುಗಳ ಚಂದ ಇದಕ್ಕಿಲ್ಲ, ಅದಕ್ಕೇ ಅಗ್ಗ. ನನಗೆ ಒಳ್ಳೆಯದೇ ಆಯಿತು.

ನೆಲದಲ್ಲೂ ಇಲ್ಲದ, ಗೋಡೆಯಲ್ಲೂ ಇಲ್ಲದ ಜಾಝ್ ಒಂದಿದೆ. 1942ರ ಆಗಸ್ಟಿನಿಂದ ಅಮೆರಿಕದ ಸಂಗೀತಗಾರರ ಯೂನಿಯನ್ ಧ್ವನಿಮುದ್ರಣ ಬಂದ್ ಮಾಡಿತು. ದೊಡ್ಡ ಕಂಪನಿಗಳು ಪೂರ್ತಿ ರಾಜಿಯಾಗುವ ಹೊತ್ತಿಗೆ 1944ರ ನವೆಂಬರ್. ಆ ನಡುವೆ ಪಿಯಾನೋ ವಾದಕ ಅರ್ಲ್ ಹೈನ್ಸ್ ತಂಡದಲ್ಲಿ ಸ್ಯಾಕ್ಸ್ ನುಡಿಸುವ ಚಾರ್ಲಿ ಪಾರ್ಕರ್, ಟ್ರಂಪೆಟ್ ಊದುವ ಡಿಜ್ಜಿ ಗಿಲೆಸ್ಪಿ ಒಟ್ಟಿಗೆ ಇದ್ದರು, ಬೀಬಾಪ್ ಅನ್ನೋ ಹೊಸ ಬಗೆಯ ಜಾಝ್ ಮೊಳಕೆ ಒಡೆಯುತ್ತಿತ್ತು. ಆ ತಂಡದ ಒಂದೂ ಪ್ಲೇಟು ಹೊರಬರಲಿಲ್ಲ. ಟಾರ್ಚಿನವರಿಗೂ ನನಗೂ ಇಲ್ಲಿ ಸಮಬಲ.

ಹೊಸದಾಗಿ ಶುರು ಮಾಡುವವರು ಕೇಳ್ತಾ ಇರ್ತಾರೆ, ಅದಕ್ಕೆ ಇಷ್ಟು. ಪ್ಲೇಟನ್ನು ದೀಪಕ್ಕೆ ಹಿಡಿದು ನೋಡಿ. ಕೂದಲೆಳೆಯಂಥ ಗೀಚಿಗೆ ಹೆದರಬೇಡಿ, ಉಗುರಿಗೆ ತಾಕುವ ಗೀಚಿದ್ದರೆ ಬಿಡಿ. ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದರೆ ಸೊಟ್ಟಗಾಗಿದೆಯೋ ಗೊತ್ತಾಗುತ್ತದೆ. ಕವರು ಮೂಸಿ. ಬೇಸ್‌ಮೆಂಟಿನ ಬೂಷ್ಟು ವಾಸನೆ ಮನೆಗೆ ಬಂದರೆ ಹೋಗುವುದಿಲ್ಲ. ಅನುಭವದ ಮಾತು.

ಹೋದ ವರ್ಷ ಒಂದು ಅಂಗಡಿಯಲ್ಲಿ ಜಾಝ್ ಡಬ್ಬ ಮುಗಿಸಿ, ಎದ್ದೇಳಲು ಆಗದೆ, ಪಕ್ಕದ 'ವರ್ಲ್ಡ್' ಡಬ್ಬಕ್ಕೆ ಕೈ ಹಾಕಿದೆ. 'ಜ್ಯೋತಿ' ಅಂತ ಒಂದು ಪ್ಲೇಟು. ಇಸಿಎಂ ಕಂಪನಿಯದು, 1983ರದು. ಚಾರ್ಲಿ ಮರಿಯಾನೋ ಜೊತೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್! ಜಾಝ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ ಸ್ಯಾಕ್ಸ್ ನುಡಿಸಿದ ಅದೇ ಮರಿಯಾನೋ. ಮೃದಂಗ ಟಿ.ಎ.ಎಸ್. ಮಣಿ, ಹಾಡಿದ್ದು ಆರ್.ಎ. ರಾಮಮಣಿ. ಬೆಲೆ ಮೂರು ಡಾಲರ್. ಕ್ಯಾಷ್ ಕೌಂಟರಿನ ಹುಡುಗನಿಗೆ ಇವರು ನಮ್ಮೂರಿನವರು ಅಂದೆ. ಕವರು ತಿರುಗಿಸಿ ನೋಡಿ, "ಹಾಗಾದ್ರೆ ಎರಡು ಡಾಲರ್ ಕೊಡಿ" ಅಂದ.

ಮನೆಯಲ್ಲಿ ಹಾಕಿದಾಗ ಮೈಸೂರಿನಿಂದ ಬಂದಿದ್ದ ಅಮ್ಮ ಅಡುಗೆಮನೆಯಿಂದ ಒಗ್ಗರಣೆ ಸೌಟು ಹಿಡಿದೇ ಹೊರಬಂದರು. ಹನ್ನೊಂದು ವರ್ಷದಲ್ಲಿ ನನ್ನ ಜಾಝ್ ಅವರನ್ನು ಹಾಗೆ ಎಳೆದು ತಂದದ್ದು ಅದೇ ಮೊದಲು. ಸ್ವಲ್ಪ ಹೊತ್ತು ನಿಂತು ಕೇಳಿದರು. "ಹಾಡ್ತಿರೋರು ಚೆನ್ನಾಗಿ ಹಾಡ್ತಾರೆ ಕಣೋ. ಪಕ್ಕದಲ್ಲಿ ಪೀಪಿ ಊದ್ತಿರೋನು ಯಾರು?" ಅಂದರು.