ಒಂದೇ ಪ್ರತಿ

ಬಿಎ ಓದುವಾಗ ಒಂದು ಶುಕ್ರವಾರ ನಮ್ಮ ಕನ್ನಡ ಮೇಷ್ಟ್ರು, 'ಮುಂದಿನ ವಾರ ನಾನು ಪಾಠ ಮಾಡಲ್ಲ. ಕರ್ವಾಲೋ ಓದ್ಕೊಂಡು ಬನ್ನಿ, ನೀವೇ ಮಾತಾಡಿ' ಎಂದರು. ಪಾಠ ಇಲ್ಲ ಅಂತ ಎಲ್ಲರಿಗೂ ಖುಷಿ. ಮಾತಾಡಬೇಕು ಅನ್ನೋದು ಕ್ಯಾಂಟೀನು ತಲುಪಿದ ಮೇಲೆ ತಲೆಗೆ ಹೋಯಿತು.

ಲೈಬ್ರರಿಯಲ್ಲಿ ಇದ್ದದ್ದು ಒಂದೇ ಪ್ರತಿ. ಓಡಿಹೋಗಿ ನಾನೇ ತಂದೆ. ಹಿಂದೆ ಓದಿದವರು ಯಾರೋ ಮೊದಲ ಹದಿನೈದು ಪುಟಕ್ಕೆ ಸಾಲುಸಾಲಾಗಿ ಪೆನ್ಸಿಲ್ ಗೆರೆ ಎಳೆದಿದ್ದರು. ಆಮೇಲೆ ಒಂದು ಗೆರೆಯೂ ಇಲ್ಲ. ಪಾಪ, ಎಲ್ಲಿಗೆ ನಿಲ್ಲಿಸಿದರು ಅಂತ ಕೇಳುವ ಅಗತ್ಯವೇ ಇರಲಿಲ್ಲ.

ತೇಜಸ್ವಿಯವರ ಈ ಕಾದಂಬರಿ 1980ರದ್ದು. ಮೂಡಿಗೆರೆಯ ಕಡೆ ಜೇನುತುಪ್ಪದಿಂದ ಶುರುವಾದ ಕಥೆ ಹಾರುವ ಓತಿಯ ಬೆನ್ನು ಹತ್ತಿ ಕಾಡು ಸೇರುತ್ತೆ. ಒಂದೇ ರಾತ್ರಿಗೆ ಮುಗಿಸಿದೆ. ಮಂದಣ್ಣ ಬಂದಲ್ಲೆಲ್ಲ ನಕ್ಕೆ. ಕಿವಿ ಎಂಬ ನಾಯಿಯಂತೂ ಮನೆಯದೇ ಆಗಿಹೋಯಿತು. ಆದರೆ ಕ್ಲಾಸಿನಲ್ಲಿ ಎದ್ದು ನಿಂತು 'ನಾಯಿ ಇಷ್ಟವಾಯ್ತು ಸಾರ್' ಅನ್ನೋಕಾಗುತ್ತಾ? ಆಮೇಲಿನ ದಿನಗಳಲ್ಲಿ ನಕ್ಕದ್ದನ್ನೆಲ್ಲ ಬದಿಗಿಟ್ಟು ತೂಕದ ಮಾತು ಹುಡುಕಿದೆ. 'ಸತ್ಯಾನ್ವೇಷಣೆ' ಅನ್ನುವ ಪದ ಸಿಕ್ಕಿತು. ಬಚ್ಚಲಲ್ಲಿ ನಾಲ್ಕು ಸಲ ಹೇಳಿ ನೋಡಿದೆ. ಅಲ್ಲಿ ಚೆನ್ನಾಗಿಯೇ ಮೊಳಗುತ್ತಿತ್ತು.

ಕ್ಲಾಸಿನಲ್ಲಿ ಮೊದಲು ಎದ್ದವನು ನಾನೇ. 'ಓತಿ ಇಲ್ಲಿ ಬರೀ ಓತಿಯಲ್ಲ ಸಾರ್. ಸತ್ಯಾನ್ವೇಷಣೆಯ ಸಂಕೇತ.' ಮೇಷ್ಟ್ರು 'ಹ್ಞೂಂ' ಎಂದರು. ಮೊದಲ ಬೆಂಚಿನ ಹುಡುಗಿ, ಕೊನೆಗೆ ಅದು ತಪ್ಪಿಸಿಕೊಂಡದ್ದು ಸರಿಯಾ ಎಂದು ಕೇಳಿದಳು. ಜಗಳ ಹತ್ತಿಕೊಂಡಿತು. ಓದದೇ ಬಂದವರ ದನಿಯೇ ಜಾಸ್ತಿ.

ಆಗ ಕೊನೆಯ ಬೆಂಚಿನಿಂದ ಸಾಗರದ ಕಡೆಯ ಹುಡುಗ ಎದ್ದ. ವರ್ಷವಿಡೀ ಬಾಯಿ ಬಿಡದವನು. 'ಓತಿ ಓತಿನೇ ಸಾರ್. ನಮ್ಮ ಅಡಿಕೆ ತೋಟದಲ್ಲೇ ಇದೆ.'

ಎಲ್ಲರೂ ಹಿಂದೆ ತಿರುಗಿದೆವು. ಮರಕ್ಕೆ ಅಂಟಿ ಕೂತರೆ ತೊಗಟೆ ಯಾವುದು, ಓತಿ ಯಾವುದು ಗೊತ್ತೇ ಆಗಲ್ಲವಂತೆ. ಇರುವೆ ತಿನ್ನುತ್ತಂತೆ. ಗಂಡಿನ ಕೊರಳ ಕೆಳಗೆ ಹಳದಿ ಚರ್ಮವಂತೆ, ಅದನ್ನು ಬೀಸಣಿಗೆ ಹಾಗೆ ಬಿಚ್ಚಿ ಮಡಚುತ್ತಂತೆ. ಅವನ ಎರಡೂ ಕೈ ಅಗಲವಾದವು. 'ಪಕ್ಕೆಲುಬು ಹೀಗೆ ಹರಡುತ್ತೆ ಸಾರ್. ಹಕ್ಕಿ ಥರ ರೆಕ್ಕೆ ಬಡಿಯಲ್ಲ. ಈ ಮರದಿಂದ ಆ ಮರಕ್ಕೆ ಸುಮ್ನೆ ತೇಲುತ್ತೆ.' ಹೇಳುತ್ತಾ ಹೇಳುತ್ತಾ ಬೆಂಚುಗಳ ನಡುವೆ ತಾನೇ ತೇಲಿಕೊಂಡು ಮುಂದೆ ಬಂದ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ನಮ್ಮ ಜೊತೆ ಬೆಂಚಿನಲ್ಲಿ ಕೂತುಬಿಟ್ಟಿದ್ದರು. ನನ್ನ ಸಂಕೇತದ ಗತಿ ಏನಾಯಿತೋ, ಯಾರೂ ವಿಚಾರಿಸಲಿಲ್ಲ.

ಗಂಟೆ ಹೊಡೆಯಿತು. ಮೇಷ್ಟ್ರು ಅವನ ಬೆನ್ನು ತಟ್ಟಿ, 'ಎಷ್ಟು ಆಸೆಯಿಂದ ಓದಿದ್ದೀಯಪ್ಪ!' ಎಂದರು.

'ಇನ್ನೂ ಓದಿಲ್ಲ ಸಾರ್' ಎಂದ ಅವನು, ನನ್ನ ಕಡೆ ಕೈ ತೋರಿಸಿ. 'ಪುಸ್ತಕ ಇವನ ಹತ್ರಾನೇ ಇದೆಯಲ್ಲ.'