ಅಯ್ಯೋ ಪಾಪ, ಜಮೀನ್ದಾರರು!

ಧಣಿಗಳಿಗೆ ಕಷ್ಟ ಬಂದರೆ ನೋಡೋಕಾಗಲ್ಲ, ಅಲ್ವಾ? 1939ರ ಹಾಲಿವುಡ್ ಸಿನಿಮಾ ‘ಗಾನ್ ವಿತ್ ದ ವಿಂಡ್’ ನಮ್ಮಿಂದ ಕೇಳುವುದೂ ಇಷ್ಟೇ. ಹೆಚ್ಚುಕಡಿಮೆ ನಾಲ್ಕು ಗಂಟೆ ಕೂತು, ಅಮೆರಿಕದ ದಕ್ಷಿಣದ ಹತ್ತಿ ಜಮೀನ್ದಾರರಿಗಾಗಿ ಅಳಬೇಕು. ಮಧ್ಯೆ ಇಂಟರ್‌ವಲ್ ಇದೆ. ಕರ್ಚೀಫು ಹಿಂಡಿಕೊಂಡು ಬರಬಹುದು.

ಶುರುವಿನಲ್ಲೇ ತೆರೆಯ ಮೇಲೆ ಅಕ್ಷರಗಳು ಬರುತ್ತವೆ. ವೀರರು, ಅವರ ಚೆಲುವೆಯರು, ಒಡೆಯರು, ಗುಲಾಮರು ಇದ್ದ ನಾಗರಿಕತೆಯೊಂದು ಗಾಳಿಗೆ ಹಾರಿಹೋಯಿತಂತೆ. ಪಟ್ಟಿಯ ಕೊನೆಯವರಿಗೆ ಅದರಿಂದ ಒಳ್ಳೆಯದೇ ಆಯಿತಲ್ಲ ಅಂತ ನೀವು ಕೇಳಬಹುದು. ಕೇಳಬೇಡಿ. ಅಷ್ಟರಲ್ಲಿ ಮ್ಯಾಕ್ಸ್ ಸ್ಟೈನರ್ ಅವರ ಸಂಗೀತ ಜೋರಾಗಿರುತ್ತದೆ. ನಿಮ್ಮ ಮಾತು ಪಕ್ಕದ ಸೀಟಿಗೂ ಕೇಳಿಸುವುದಿಲ್ಲ.

ಇನ್ನು ಪ್ರೇಮ. ನಾಯಕಿ ಸ್ಕಾರ್ಲೆಟ್‌ಗೆ ಎಳೆಯ ಜಮೀನ್ದಾರ ಆಶ್ಲೆಯ ಮೇಲೆ ಮೋಹ. ಆ ಎಳೆಯನ ಪಾತ್ರ ಮಾಡಿದ ಲೆಸ್ಲಿ ಹೊವಾರ್ಡ್‌ಗೆ ಆಗ ವಯಸ್ಸು 45ರ ಆಸುಪಾಸು. ಆಶ್ಲೆ ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಅವನು ತೀರ್ಮಾನ ಮಾಡುವಷ್ಟರಲ್ಲಿ ಅವಳಿಗೆ ಬೇರೆಯವರ ಜೊತೆ ಮೂರು ಮದುವೆ ಆಗಿರುತ್ತದೆ. ನಮ್ಮ ಡಾರ್ಜಿಲಿಂಗ್‌ನಲ್ಲಿ ಹುಟ್ಟಿದ ವಿವಿಯನ್ ಲೀ ಸ್ಕಾರ್ಲೆಟ್ ಆಗಿ ಇಲ್ಲದಿದ್ದರೆ ಈ ಸಿನಿಮಾ ಅರ್ಧ ಗಂಟೆಯೂ ಓಡುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಮೂರನೇ ಗಂಡ ರೆಟ್ ಕುಡಿದ ಅಮಲಿನಲ್ಲಿ, ಅವಳು ಕೊಸರಾಡಿದರೂ ಬಿಡದೆ, ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾನೆ. ಬೆಳಗಾದರೆ ಅವಳು ಹಾಸಿಗೆಯಲ್ಲಿ ನಗುತ್ತಾ ಹಾಡು ಗುನುಗುತ್ತಿರುತ್ತಾಳೆ. ಪೊಲೀಸ್ ಕೇಸ್ ಆಗಬೇಕಾದದ್ದನ್ನು ಟೆಕ್ನಿಕಲರ್ ಎಷ್ಟು ಚೆಂದ ಕಾಣಿಸುತ್ತದೆ ನೋಡಿ.

ಕೊನೆಗೆ ಕಣ್ಣೀರಿನ ಸ್ಟಾಕ್ ಖಾಲಿ ಮಾಡುವ ಆತುರ. ಮೆಟ್ಟಿಲಿಂದ ಉರುಳಿ ಗರ್ಭಪಾತ. ಕುದುರೆಯಿಂದ ಬಿದ್ದು ಮಗು ಸಾವು. ಆಮೇಲೆ ಆಶ್ಲೆಯ ಹೆಂಡತಿ ಮೆಲನಿಯ ಸಾವು. ಸ್ಕಾರ್ಲೆಟ್‌ಳ ಅಪ್ಪ ಸತ್ತದ್ದೂ ಕುದುರೆಯಿಂದ ಬಿದ್ದೇ. ಆ ಮನೆಯವರಿಗೆ ಯಾರಾದರೂ ಬೇಲಿ ಹಾರಿಸುವ ಚಟ ಬಿಡಿಸಬೇಕಿತ್ತು.

ಇಷ್ಟು ಗೋಳಿನ ನಡುವೆ ಆ ಮನೆಯ ಗುಲಾಮಳು ಮ್ಯಾಮಿ ಸ್ಕಾರ್ಲೆಟ್‌ಳ ಒಳಉಡುಪಿನ ಲೇಸು ಬಿಗಿಯುತ್ತಾಳೆ, ಬೈಯುತ್ತಾಳೆ, ಊಟ ಮಾಡಿಸುತ್ತಾಳೆ. ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿಯಿಂದ ಬಿಡುಗಡೆ ಸಿಕ್ಕ ಮೇಲೂ ಅಲ್ಲೇ ಇರುತ್ತಾಳೆ. ಅವಳ ನಿಜವಾದ ಹೆಸರೇನು ಅಂತ ಕೊನೆವರೆಗೂ ಗೊತ್ತಾಗುವುದಿಲ್ಲ.

ತೆರೆಯ ಹೊರಗಿನ ಕತೆ ಇನ್ನೂ ಭರ್ಜರಿ. 1939ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ. ಗವರ್ನರ್ ರಜೆಯನ್ನೇ ಘೋಷಿಸಿದರು. ಮ್ಯಾಮಿ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡ್ಯಾನಿಯಲ್ ಮಾತ್ರ ಬರುವಂತಿರಲಿಲ್ಲ. ಅಲ್ಲಿನ ವರ್ಣಭೇದದ ಕಾನೂನು ಹಾಗಿತ್ತು. ಆದರೆ ಹಿಂದಿನ ರಾತ್ರಿಯ ನೃತ್ಯಕೂಟದಲ್ಲಿ ಹಾಡಲು ಕಪ್ಪು ಜನರು ಬೇಕಾಯಿತು. ಚರ್ಚಿನ ಗಾಯನ ತಂಡವೊಂದಕ್ಕೆ ಗುಲಾಮರ ವೇಷ ಹಾಕಿಸಿ ನಿಲ್ಲಿಸಿದರು. ಅದರಲ್ಲಿ 10 ವರ್ಷದ ಒಬ್ಬ ಹುಡುಗನಿದ್ದ, ಮಾರ್ಟಿನ್ ಲೂಥರ್ ಕಿಂಗ್. ಕರೆದವರಿಗೆ ತಾವು ಯಾರಿಗೆ ವೇಷ ಹಾಕಿಸಿದೆವು ಅಂತ ಆಗ ಎಲ್ಲಿ ಗೊತ್ತಾಗಬೇಕು!

ಮುಂದಿನ ವರ್ಷ ಹ್ಯಾಟಿಗೆ ಆಸ್ಕರ್ ಬಂತು. ಅದನ್ನು ಪಡೆದ ಮೊದಲ ಕಪ್ಪು ಕಲಾವಿದೆ ಅವರು. ಸಮಾರಂಭ ನಡೆದದ್ದು ಕಪ್ಪು ಜನರನ್ನು ಒಳಗೆ ಬಿಡದ ಹೋಟೆಲಿನಲ್ಲಿ. ನಿರ್ಮಾಪಕ ಸೆಲ್ಜ್‌ನಿಕ್ ವಶೀಲಿ ಹಚ್ಚಿ ಒಳಗೆ ಬಿಡಿಸಿದರು. ಗೋಡೆ ಪಕ್ಕ ಬೇರೆ ಟೇಬಲ್ ಹಾಕಿ ಕೂರಿಸಿದರು. ಗುಲಾಮಳಾಗಿದ್ದ ಮ್ಯಾಮಿ ಧಣಿಗಳ ಮನೆಯ ಯಾವ ಕೋಣೆಗೆ ಬೇಕಾದರೂ ಹೋಗಿಬರುತ್ತಿದ್ದಳು. ಪ್ರಶಸ್ತಿ ತೆಗೆದುಕೊಳ್ಳಲು ಬಂದ ಹ್ಯಾಟಿಗೆ ಆ ಸೌಕರ್ಯವೂ ಇರಲಿಲ್ಲ.